ಆಕಾಶದಲ್ಲಿ ಬೂದು ಚುಕ್ಕೆ: ಸೆನ್ಸರ್ ಒರೆಸುವ ಮುಂಚೆ ಇದನ್ನು ಓದಿ

ಪ್ರಶ್ನೆ: ಸರ್, ನಾನು ದಾವಣಗೆರೆಯವನು. ಮದುವೆ ಫೋಟೋ ತೆಗೆಯುತ್ತೇನೆ. ಬಿಡುವಿದ್ದಾಗ ಕೋಟೆ, ಬೆಟ್ಟ ಅಂತ ಸುತ್ತುತ್ತೇನೆ. ನನ್ನ ಹತ್ತಿರ ನಿಕಾನ್ ಡಿ5600 ಇದೆ, ಎರಡು ಲೆನ್ಸ್ ಇವೆ. ಮೊನ್ನೆ ಚಿತ್ರದುರ್ಗದ ಕೋಟೆಯಲ್ಲಿ ತೆಗೆದ ಫೋಟೋಗಳಲ್ಲಿ ಆಕಾಶದ ತುಂಬ ಬೂದು ಚುಕ್ಕೆಗಳು. ಅದೇ ವಾರ ಕಲ್ಯಾಣ ಮಂಟಪದೊಳಗೆ ತೆಗೆದ ಫೋಟೋಗಳಲ್ಲಿ ಒಂದೂ ಇಲ್ಲ. ಲೆನ್ಸ್ ಒರೆಸಿದೆ, ಹೋಗಲಿಲ್ಲ. ಕನ್ನಡಕದ ಬಟ್ಟೆಗೆ ಸ್ವಲ್ಪ ಸ್ಪಿರಿಟ್ ಹಾಕಿ ಸೆನ್ಸರ್ ಒರೆಸು ಅಂತ ಒಬ್ಬ ಸ್ನೇಹಿತ ಹೇಳುತ್ತಾನೆ. ಸೆನ್ಸರ್ ಮುಟ್ಟಿದರೆ ಕ್ಯಾಮೆರಾ ಹೋಯಿತು ಅಂತ ಇನ್ನೊಬ್ಬ. ಯಾರ ಮಾತು ಕೇಳಲಿ? ಬೆಂಗಳೂರಿಗೇ ಕಳಿಸಬೇಕಾ?

ಉತ್ತರ: ಇಬ್ಬರ ಮಾತೂ ಬೇಡ. ಸ್ಪಿರಿಟ್ ಬಾಟಲಿಯನ್ನಂತೂ ಕ್ಯಾಮೆರಾ ಹತ್ತಿರ ತರಲೇಬೇಡಿ. ನೀವು ಬರೆದದ್ದು ನೋಡಿದರೆ ಇದು ಸೆನ್ಸರ್, ಅಂದರೆ ಕ್ಯಾಮೆರಾದೊಳಗೆ ಬೆಳಕನ್ನು ಹಿಡಿದು ಚಿತ್ರ ಮಾಡುವ ಭಾಗದ ಮೇಲಿನ ಧೂಳು, ಅದರಲ್ಲಿ ಅನುಮಾನವಿಲ್ಲ. ಹೆಚ್ಚಿನಂಶ ಒಂದು ರಬ್ಬರ್ ಬ್ಲೋವರ್‌ನಲ್ಲೇ ಹೋಗುತ್ತದೆ. ಕ್ಯಾಮೆರಾ ಹಾಳಾಗುವುದು ಧೂಳಿನಿಂದಲ್ಲ, ಧೂಳು ತೆಗೆಯುವ ಅವಸರದಿಂದ. ಸ್ವಲ್ಪ ಸಮಾಧಾನವಾಗಿ ಒಂದೊಂದೇ ನೋಡೋಣ.

ಮಂಟಪದೊಳಗೆ ಚುಕ್ಕೆ ಯಾಕೆ ಕಾಣಲಿಲ್ಲ ಅನ್ನುವುದರಲ್ಲೇ ಅರ್ಧ ಉತ್ತರ ಇದೆ. ಧೂಳು ಕೂರುವುದು ಸೆನ್ಸರ್ ಮೇಲೆ ಅಲ್ಲ, ಅದರ ಮುಂದೆ ಇರುವ ಗಾಜಿನ ಫಿಲ್ಟರ್ ಮೇಲೆ. ಆ ಗಾಜಿಗೂ ಒಳಗಿನ ಪಿಕ್ಸೆಲ್‌ಗಳಿಗೂ ನಡುವೆ ಒಂದೆರಡು ಮಿಲಿಮೀಟರ್ ಅಂತರ ಇರುತ್ತದೆ. ಹಾಗಾಗಿ ನಿಮ್ಮ ಫೋಟೋದಲ್ಲಿ ಕಾಣುತ್ತಿರುವುದು ಧೂಳಲ್ಲ, ಧೂಳಿನ ನೆರಳು. ನೆರಳಿನ ವಿಷಯ ನಿಮಗೆ ಗೊತ್ತೇ ಇದೆ, ಬಿಸಿಲಲ್ಲಿ ನಿಂತರೆ ಗಟ್ಟಿಯಾಗಿ ಬೀಳುತ್ತದೆ, ಮೋಡ ಕವಿದರೆ ಬಿದ್ದದ್ದೇ ಗೊತ್ತಾಗುವುದಿಲ್ಲ. ಕೋಟೆಯಲ್ಲಿ ನೀವು ಬಹುಶಃ ಎಫ್/11 ಅಥವಾ ಎಫ್/16ರಲ್ಲಿ ತೆಗೆದಿದ್ದೀರಿ. ಎಫ್ ಸಂಖ್ಯೆ ದೊಡ್ಡದಾದಷ್ಟು ಲೆನ್ಸಿನ ತೂತು ಸಣ್ಣದು. ಅಷ್ಟು ಸಣ್ಣ ತೂತಿನಿಂದ ಬರುವ ಬೆಳಕು ಹೆಚ್ಚುಕಮ್ಮಿ ಒಂದೇ ದಿಕ್ಕಿನಿಂದ ಬಂದು ಬೀಳುತ್ತದೆ, ನೆರಳು ಚೊಕ್ಕವಾಗಿ ಕೂರುತ್ತದೆ. ಮಂಟಪದೊಳಗೆ ಬೆಳಕು ಸಾಲದೆ ಎಫ್/2.8 ಅಥವಾ ಎಫ್/4 ಇಟ್ಟಿರುತ್ತೀರಿ, ಅಲ್ವಾ? ಆಗ ಬೆಳಕು ಎಲ್ಲ ಕಡೆಯಿಂದಲೂ ನುಗ್ಗಿ ನೆರಳನ್ನು ಕರಗಿಸಿಬಿಡುತ್ತದೆ.

ಲೆಕ್ಕ ಹಾಕಿದರೆ ಇನ್ನೂ ಸ್ಪಷ್ಟವಾಗುತ್ತದೆ. ಧೂಳಿಗೂ ಪಿಕ್ಸೆಲ್‌ಗೂ 1 ಮಿಲಿಮೀಟರ್ ಅಂತರ ಅಂದುಕೊಳ್ಳಿ. ಆ 1 ಅನ್ನು ಎಫ್ ಸಂಖ್ಯೆಯಿಂದ ಭಾಗಿಸಿದರೆ ನೆರಳು ಎಷ್ಟು ಅಗಲಕ್ಕೆ ಹರಡುತ್ತದೆ ಅಂತ ಸಿಗುತ್ತದೆ. ಎಫ್/16ರಲ್ಲಿ ಅದು ಸುಮಾರು 0.06 ಮಿಲಿಮೀಟರ್. ನಿಮ್ಮ ಕ್ಯಾಮೆರಾದ ಒಂದು ಪಿಕ್ಸೆಲ್ ಸುಮಾರು 3.9 ಮೈಕ್ರಾನ್ (ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್), ಅಂದರೆ 16 ಪಿಕ್ಸೆಲ್ ಅಗಲದ ಚುಕ್ಕೆ. ಎಫ್/2.8ರಲ್ಲಿ ಅದೇ ನೆರಳು 0.36 ಮಿಲಿಮೀಟರ್‌ಗೆ ಹಬ್ಬುತ್ತದೆ, 90 ಪಿಕ್ಸೆಲ್ ದಾಟುತ್ತದೆ. ಅಷ್ಟೇ ಕಪ್ಪು, ಆದರೆ ಸುಮಾರು 33 ಪಟ್ಟು ದೊಡ್ಡ ಜಾಗಕ್ಕೆ ಹಂಚಿಹೋಗಿದೆ. ಕಣ್ಣಿಗೆ ಎಲ್ಲಿ ಕಾಣಬೇಕು? ಧೂಳು ಮಾತ್ರ ಎರಡೂ ದಿನ ಅಲ್ಲೇ ಇತ್ತು.

ಲೆನ್ಸ್ ಒರೆಸಿದರೆ ಹೋಗದೆ ಇರುವುದಕ್ಕೂ ಇದೇ ಕಾರಣ. ಲೆನ್ಸಿನ ಮುಂದಿನ ಗಾಜಿನ ಮೇಲೆ ಕೂತ ಧೂಳು ಸೆನ್ಸರ್‌ನಿಂದ ತುಂಬ ದೂರ, ಅದು ಚುಕ್ಕೆಯಾಗಿ ಮೂಡುವುದೇ ಅಪರೂಪ. ವ್ಯೂಫೈಂಡರ್‌ನಲ್ಲಿ ಕಣ್ಣಿಟ್ಟಾಗ ಕಾಣುವ ಕಸ ಕೂಡ ಫೋಟೋಗೆ ಬರುವುದಿಲ್ಲ, ಅದು ಮೇಲಿನ ಫೋಕಸಿಂಗ್ ಸ್ಕ್ರೀನಿನದು. ಅದನ್ನು ತೆಗೆಯಲು ಹೋಗಿ ಸ್ಕ್ರೀನ್ ಗೀಚಿಕೊಂಡವರು ಬೇಕಾದಷ್ಟು ಜನ ಇದ್ದಾರೆ. ಸುಮ್ನೆ ಬಿಟ್ಟುಬಿಡಿ.

ಈಗ ಒಂದು ಪರೀಕ್ಷೆ ಮಾಡಿ. ಲ್ಯಾಪ್‌ಟಾಪ್‌ನಲ್ಲಿ ಬಿಳಿ ಪುಟ ತೆರೆದಿಡಿ, ಇಲ್ಲವೇ ಮೋಡವಿಲ್ಲದ ಆಕಾಶ ಆದರೂ ಆದೀತು. ಅಪರ್ಚರ್ ಮೋಡ್, ಎಫ್/16, ಐಎಸ್‌ಒ 100, ಎಕ್ಸ್‌ಪೋಷರ್ ಒಂದು ಸ್ಟಾಪ್ ಜಾಸ್ತಿ. ಮ್ಯಾನ್ಯುಯಲ್ ಫೋಕಸ್‌ಗೆ ಹಾಕಿ, ಬೇಕಂತಲೇ ಫೋಕಸ್ ತಪ್ಪಿಸಿ. ಕ್ಲಿಕ್ ಆಗುವಾಗ ಕ್ಯಾಮೆರಾವನ್ನು ಮೆಲ್ಲಗೆ ಅಲ್ಲಾಡಿಸಿ, ಆಗ ಎದುರಿಗಿರುವ ಸ್ಕ್ರೀನಿನ ಕಲೆಗಳೆಲ್ಲ ಅಳಿಸಿಹೋಗಿ ಸೆನ್ಸರ್‌ನದು ಮಾತ್ರ ಉಳಿಯುತ್ತದೆ. ಇನ್ನೊಂದು ಲೆನ್ಸ್ ಹಾಕಿ ಮತ್ತೆ ತೆಗೆಯಿರಿ. ಎರಡರಲ್ಲೂ ಅದೇ ಜಾಗದಲ್ಲಿ ಚುಕ್ಕೆ ಇದ್ದರೆ ಮುಗಿಯಿತು, ಅದು ಸೆನ್ಸರ್‌ನದೇ. ಕಂಪ್ಯೂಟರಿನಲ್ಲಿ ಕಾಂಟ್ರಾಸ್ಟ್ ಎತ್ತಿ ನೋಡಿದರೆ ಅದರ ಜಾತಕ ಕೂಡ ಗೊತ್ತಾಗುತ್ತದೆ. ಅಂಚು ಮಬ್ಬಾದ ಬೂದು ಚುಕ್ಕೆ ಒಣಧೂಳು. ಸುರುಳಿ ಸುತ್ತಿದ ಗೆರೆ ಬಟ್ಟೆಯ ನೂಲು. ಉರುಟಾಗಿದ್ದು ಸುತ್ತ ತೆಳು ಬೆಳಕಿನ ಬಳೆ ಇದ್ದರೆ ಎಣ್ಣೆ ಅಥವಾ ಒಣಗಿದ ನೀರಿನ ಹನಿ. ಕೆಂಪೋ ನೀಲಿಯೋ ಬಣ್ಣದಲ್ಲಿ ಸೂಜಿಮೊನೆಯಷ್ಟು ಚೂಪಾಗಿ ಹೊಳೆಯುತ್ತಿದ್ದರೆ ಅದು ಧೂಳೇ ಅಲ್ಲ, ಹಾಟ್ ಪಿಕ್ಸೆಲ್, ಅಂದರೆ ಕೆಟ್ಟು ತಾನಾಗಿಯೇ ಹೊಳೆಯುವ ಪಿಕ್ಸೆಲ್. ಅದನ್ನು ಎಷ್ಟು ಉಜ್ಜಿದರೂ ಹೋಗದು.

ಚಿತ್ರದುರ್ಗದ ಫೋಟೋಗಳನ್ನು ರಾ ಫೈಲಿನಲ್ಲಿ (ಕ್ಯಾಮೆರಾ ಜೆಪೆಗ್ ಮಾಡದೆ ಹಾಗೇ ಉಳಿಸುವ ಮೂಲ ಫೈಲು) ತೆಗೆದಿದ್ದರೆ ಇನ್ನೊಂದು ಕೆಲಸ ಇದೆ, ಅದನ್ನು ಸ್ವಚ್ಛ ಮಾಡುವ ಮುಂಚೆಯೇ ಮಾಡಬೇಕು. ಸೆಟಪ್ ಮೆನುವಿನಲ್ಲಿ 'ಇಮೇಜ್ ಡಸ್ಟ್ ಆಫ್ ರೆಫ್ ಫೋಟೋ' ಅಂತ ಇದೆ. ಅದರಲ್ಲಿ ಬರೀ 'ಸ್ಟಾರ್ಟ್' ಆರಿಸಿ. 'ಕ್ಲೀನ್ ಸೆನ್ಸರ್ ಅಂಡ್ ದೆನ್ ಸ್ಟಾರ್ಟ್' ಅನ್ನುವುದನ್ನು ಒತ್ತಬೇಡಿ, ಆಮೇಲೆ ಆ ನಕ್ಷೆ ಹಳೇ ಫೋಟೋಗಳಿಗೆ ಹೊಂದುವುದಿಲ್ಲ. ಧೂಳು ಎಲ್ಲೆಲ್ಲಿ ಇದೆ ಅಂತ ಕ್ಯಾಮೆರಾ ಬರೆದಿಟ್ಟುಕೊಳ್ಳುತ್ತದೆ, ನಿಕಾನ್‌ನ ಎನ್‌ಎಕ್ಸ್ ಸ್ಟುಡಿಯೋ ಸಾಫ್ಟ್‌ವೇರಿನಲ್ಲಿ ಅದನ್ನು ಹಾಕಿ ಚುಕ್ಕೆ ತೆಗೆಯಬಹುದು. ಜೆಪೆಗ್‌ಗೆ ಇದು ಆಗುವುದಿಲ್ಲ. ಲೈಟ್‌ರೂಮ್ ಇದ್ದರೆ ಒಂದು ಫೋಟೋದಲ್ಲಿ ಹೀಲ್ ಸಾಧನದಿಂದ ಚುಕ್ಕೆ ಅಳಿಸಿ, ಅದೇ ತಿದ್ದುಪಡಿಯನ್ನು ಉಳಿದವಕ್ಕೂ ಸಿಂಕ್ ಮಾಡಿ. ಚುಕ್ಕೆಗಳ ಜಾಗ ಬದಲಾಗಿರುವುದಿಲ್ಲವಲ್ಲ, ಮುಕ್ಕಾಲು ಪಾಲು ತಾನಾಗಿಯೇ ಸರಿಹೋಗುತ್ತದೆ.

ಸರಿ, ಈಗ ಕ್ಯಾಮೆರಾಗೆ ಬರೋಣ. ಮೊದಲು ಅದರ ಕೈಯಲ್ಲೇ ಕೆಲಸ ಮಾಡಿಸಿ. ಮೆನುವಿನಲ್ಲಿ 'ಕ್ಲೀನ್ ಇಮೇಜ್ ಸೆನ್ಸರ್' ಒತ್ತಿದರೆ ಮುಂದಿನ ಗಾಜು ಕಣ್ಣಿಗೆ ಕಾಣದಷ್ಟು ವೇಗವಾಗಿ ನಡುಗಿ ಧೂಳನ್ನು ಕೊಡವಿಬಿಡುತ್ತದೆ. ಈ ಉಪಾಯವನ್ನು ಮೊದಲು ತಂದದ್ದು ಒಲಿಂಪಸ್, 2003ರ ಇ-1 ಕ್ಯಾಮೆರಾದಲ್ಲಿ. ಈಗ ಹೆಚ್ಚುಕಮ್ಮಿ ಎಲ್ಲರಲ್ಲೂ ಇದೆ. ಒತ್ತುವಾಗ ಕ್ಯಾಮೆರಾ ಮೇಜಿನ ಮೇಲೆ ನೆಟ್ಟಗೆ, ತಳ ಮೇಜಿಗೆ ತಾಗುವಂತೆ ಕೂತಿರಲಿ. ಹಾಗೆ ಕೂತಿದ್ದಾಗಲೇ ಅದು ಚೆನ್ನಾಗಿ ಕೆಲಸ ಮಾಡುತ್ತದೆ ಅಂತ ನಿಕಾನ್ ಕೈಪಿಡಿಯೇ ಹೇಳುತ್ತದೆ. ಒಂದರ ಹಿಂದೆ ಒಂದು ಒತ್ತುತ್ತಲೇ ಇದ್ದರೆ ಕ್ಯಾಮೆರಾ ಸ್ವಲ್ಪ ಹೊತ್ತು ಮುಷ್ಕರ ಹೂಡುತ್ತದೆ, ಗಾಬರಿಯಾಗಬೇಡಿ, ಒಳಗಿನ ಸರ್ಕ್ಯೂಟ್ ಉಳಿಸಿಕೊಳ್ಳಲು ಅದು ಹಾಗೆ ಮಾಡುವುದು. ಅಂಟಿಕೊಂಡ ಧೂಳು ಇದರಿಂದ ಹೋಗುವುದಿಲ್ಲ, ಸಡಿಲವಾಗಿದ್ದದ್ದು ಹೋಗುತ್ತದೆ.

ಮತ್ತೆ ಎಫ್/16ರ ಪರೀಕ್ಷೆ. ಚುಕ್ಕೆ ಉಳಿದಿದ್ದರೆ ಬ್ಲೋವರ್. ಕೈಯಲ್ಲಿ ಹಿಸುಕುವ ರಬ್ಬರ್ ಬುರುಡೆಯದು, ಗಾಳಿ ಒಳಗೆ ಬರಲು ಹಿಂಭಾಗದಲ್ಲಿ ಬೇರೆ ತೂತು ಇರುವುದನ್ನೇ ಕೊಳ್ಳಿ. ಮೂತಿಯಿಂದಲೇ ಗಾಳಿ ಎಳೆದುಕೊಳ್ಳುವಂಥದ್ದು ಕ್ಯಾಮೆರಾದೊಳಗಿನ ಧೂಳನ್ನೇ ಎಳೆದು ಮತ್ತೆ ಅಲ್ಲಿಗೇ ಊದುತ್ತದೆ. ಬ್ರಷ್ ಅಂಟಿಸಿ ಮಾರುತ್ತಾರಲ್ಲ, ಆ ಬ್ರಷ್ ಕಿತ್ತು ಪಕ್ಕಕ್ಕಿಡಿ. ಹೊಸ ಬ್ಲೋವರ್ ಆದರೆ ಮೊದಲು ಗಾಳಿಯಲ್ಲಿ ನಾಲ್ಕಾರು ಸಲ ಹಿಸುಕಿ, ಒಳಗಿರುವ ಬಿಳಿ ಪುಡಿ ಹೊರಗೆ ಬಂದುಬಿಡಲಿ.

ಕೋಣೆ ಯಾವುದು ಅನ್ನುವುದೂ ಮುಖ್ಯ. ನಮ್ಮ ಮನೆಗಳಲ್ಲಿ ಮೊದಲ ಶತ್ರು ತಲೆ ಮೇಲೆ ತಿರುಗುತ್ತಿರುವ ಫ್ಯಾನು. ಆರಿಸಿ. ಕಿಟಕಿ ಮುಚ್ಚಿ. ಒದ್ದೆ ಬಟ್ಟೆಯಲ್ಲಿ ನೆಲ ಒರೆಸಿ ಅರ್ಧ ಗಂಟೆ ಬಿಟ್ಟು ಕೂತರೆ ಗಾಳಿಯಲ್ಲಿ ತೇಲುವುದೆಲ್ಲ ಕೆಳಗಿಳಿದಿರುತ್ತದೆ. ಉಣ್ಣೆ ಸ್ವೆಟರು, ಟವೆಲ್ಲು, ಹಾಸಿಗೆ ಇವೆಲ್ಲ ದೂರ ಇರಲಿ.

ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ ಹಾಕಿ. ಲೆನ್ಸ್ ತೆಗೆದು, ಮೆನುವಿನಲ್ಲಿ 'ಲಾಕ್ ಮಿರರ್ ಅಪ್ ಫಾರ್ ಕ್ಲೀನಿಂಗ್' ಆರಿಸಿ, ಶಟರ್ ಬಟನ್ ಒಮ್ಮೆ ಒತ್ತಿದರೆ ಕನ್ನಡಿ ಮೇಲಕ್ಕೆ ಹೋಗಿ ನಿಲ್ಲುತ್ತದೆ, ಶಟರ್ ಪರದೆ ಸರಿಯುತ್ತದೆ, ಒಳಗೆ ಹಸಿರು ನೇರಳೆ ಮಿಂಚುವ ಗಾಜು ಕಾಣುತ್ತದೆ. ಬ್ಯಾಟರಿ ಕಮ್ಮಿ ಇದ್ದರೆ ಕ್ಯಾಮೆರಾ ಈ ಮೆನುವನ್ನೇ ಕೊಡುವುದಿಲ್ಲ. ಕಾರಣ ಇದೆ, ನಡುವೆ ಬ್ಯಾಟರಿ ಸತ್ತರೆ ಪರದೆ ಮುಚ್ಚಿಕೊಂಡು ಕನ್ನಡಿ ಕೆಳಗೆ ಬೀಳುತ್ತದೆ, ಆಗ ಒಳಗೆ ಏನಾದರೂ ತೂರಿಸಿದ್ದರೆ ಮುಗಿಯಿತು ಕಥೆ. ಬಲ್ಬ್ ಮೋಡಿನಲ್ಲಿ ಬಟನ್ ಒತ್ತಿ ಹಿಡಿದುಕೊಂಡು ಸೆನ್ಸರ್ ಸ್ವಚ್ಛ ಮಾಡು ಅಂತ ಯಾರಾದರೂ ಹೇಳಿದರೆ ಇದೇ ಕಾರಣಕ್ಕೆ ಕೇಳಬೇಡಿ. ಬೆರಳು ಜಾರಿದರೆ ಸಾಕು.

ಕ್ಯಾಮೆರಾದ ಬಾಯಿ ನೆಲ ನೋಡುವಂತೆ ಹಿಡಿದು, ಕೆಳಗಿನಿಂದ ಮೇಲಕ್ಕೆ ಊದಿ, ಬಿದ್ದದ್ದು ಹೊರಗೇ ಬೀಳಲಿ. ಬ್ಲೋವರ್ ಮೂತಿ ಮೌಂಟಿನ ಉಂಗುರದಿಂದ ಒಳಗೆ ಹೋಗಬಾರದು. ಗಟ್ಟಿಯಾಗಿ ಎಂಟು ಹತ್ತು ಸಲ ಊದಿ, ಕ್ಯಾಮೆರಾ ಆಫ್ ಮಾಡಿ, ಕನ್ನಡಿ ಇಳಿಯುತ್ತದೆ, ಲೆನ್ಸ್ ಹಾಕಿ, ಮತ್ತೆ ಅದೇ ಪರೀಕ್ಷೆ. ಒಂದೇ ಚುಕ್ಕೆ ಹಟ ಹಿಡಿದಿದ್ದರೆ ಅದು ಎಲ್ಲಿದೆ ಅಂತ ಹುಡುಕುವುದಕ್ಕೆ ಒಂದು ಸೂತ್ರ: ಕ್ಯಾಮೆರಾವನ್ನು ನಿಮ್ಮ ಕಡೆ ಮುಖ ಮಾಡಿ ನೆಟ್ಟಗೆ ಹಿಡಿದು ಒಳಗೆ ನೋಡಿದಾಗ ಎಡ ಬಲ ಹಾಗೇ ಇರುತ್ತದೆ, ಮೇಲೆ ಕೆಳಗೆ ಮಾತ್ರ ತಿರುಗುಮುರುಗು. ಫೋಟೋದಲ್ಲಿ ಮೇಲೆ ಎಡಗಡೆ ಇರುವ ಚುಕ್ಕೆ ಸೆನ್ಸರ್‌ನಲ್ಲಿ ಕೆಳಗೆ ಎಡಗಡೆ ಇರುತ್ತದೆ. ಆಕಾಶದ ಧೂಳೆಲ್ಲ ಸೆನ್ಸರ್‌ನ ಕೆಳಭಾಗದಲ್ಲಿ ಕೂತಿದೆ ಅಂತಾಯಿತು.

ಬ್ಲೋವರ್ ಇಲ್ಲ ಅಂತ ಬಾಯಲ್ಲಿ ಊದಬೇಡಿ, ಎಂಜಲಿನ ಸಣ್ಣ ಹನಿ ಒಂದು ಬಿದ್ದರೂ ಒಣಧೂಳಿಗಿಂತ ಹತ್ತು ಪಾಲು ತಾಪತ್ರಯ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿಯಲ್ಲಿ ಎಣ್ಣೆಯೂ ನೀರೂ ಸೇರಿರುತ್ತದೆ, ಒತ್ತಡವೂ ಜಾಸ್ತಿ, ಶಟರ್ ಪರದೆಯ ತಗಡು ಎಷ್ಟು ತೆಳು ಅಂದರೆ ಬಾಗಿಯೇ ಹೋಗುತ್ತದೆ. ಕಂಪ್ಯೂಟರ್ ಅಂಗಡಿಯವರ ಕರೆಂಟ್ ಬ್ಲೋವರ್ ಕೂಡ ಬೇಡ. ಡಬ್ಬಿಯಲ್ಲಿ ಬರುವ ಸ್ಪ್ರೇ ಗಾಳಿ ನೋಡಲು ಚೆನ್ನಾಗಿರುತ್ತದೆ, ಆದರೆ ಸ್ವಲ್ಪ ಓರೆಯಾದರೆ ಒಳಗಿನ ದ್ರವವೇ ತಣ್ಣಗೆ ಚಿಮ್ಮಿ ಗಾಜಿನ ಮೇಲೆ ಕಲೆ ಕೂರಿಸುತ್ತದೆ. ವ್ಯಾಕ್ಯೂಮ್ ಕ್ಲೀನರ್ ಬಗ್ಗೆ ಯಾರೂ ಕೇಳದೇ ಇರಲಿ ಅಂತ ಆಸೆ.

ಇಲ್ಲಿ ನಿಲ್ಲಿಸಬಹುದು. ನಿಜವಾಗಿ ಹೇಳುತ್ತೇನೆ, ಎಫ್/16ರಲ್ಲಿ ಮೂಲೆಯಲ್ಲೊಂದು ಎರಡು ಚುಕ್ಕೆ ಉಳಿದರೆ ಉಳಿಯಲಿ ಬಿಡಿ. ನೀವು ದುಡಿಯುವುದು ಮಂಟಪದಲ್ಲಿ, ಅಲ್ಲಿ ಅವು ಕಾಣುವುದೇ ಇಲ್ಲ. ಲ್ಯಾಂಡ್‌ಸ್ಕೇಪ್‌ಗೂ ನಿಮ್ಮ ಸೆನ್ಸರ್ ಗಾತ್ರಕ್ಕೆ ಎಫ್/8 ಬೇಕಾದಷ್ಟಾಯಿತು, ಎಫ್/16ಕ್ಕೆ ಹೋದರೆ ಸಣ್ಣ ತೂತಿನಲ್ಲಿ ಬೆಳಕು ಹರಡಿಕೊಳ್ಳುವ ಡಿಫ್ರಾಕ್ಷನ್‌ನಿಂದ ಇಡೀ ಫೋಟೋದ ಚೂಪೇ ಸ್ವಲ್ಪ ಕಮ್ಮಿಯಾಗುತ್ತದೆ. ಎಫ್/8ರಲ್ಲೂ ಚುಕ್ಕೆ ಕಣ್ಣಿಗೆ ಹೊಡೆಯುತ್ತಿದ್ದರೆ ಮಾತ್ರ ಮುಂದಿನ ಹೆಜ್ಜೆ.

ಮುಂದಿನ ಹೆಜ್ಜೆ ಅಂದರೆ ಒದ್ದೆ ಸ್ವಾಬ್, ಅಂದರೆ ಸೆನ್ಸರ್ ಒರೆಸಲೆಂದೇ ಮಾಡಿದ, ತುದಿಗೆ ಮೆತ್ತನೆ ಬಟ್ಟೆ ಸುತ್ತಿದ ಚಪ್ಪಟೆ ಕಡ್ಡಿ. ನಿಮ್ಮ ಸೆನ್ಸರ್ 23.5 ಮಿಲಿಮೀಟರ್ ಅಗಲ, 15.6 ಎತ್ತರ. ಅದಕ್ಕೆ 16 ಮಿಲಿಮೀಟರ್ ಅಗಲದ, ಎಪಿಎಸ್-ಸಿ (ನಿಮ್ಮ ಸೆನ್ಸರ್ ಗಾತ್ರದ ಹೆಸರು) ಅಂತ ಬರೆದಿರುವ ಸ್ವಾಬ್ ಬೇಕು. ಫುಲ್ ಫ್ರೇಮ್‌ನವರಿಗೆ 24. ಒಂದೊಂದೂ ಬೇರೆ ಬೇರೆ ಪೊಟ್ಟಣದಲ್ಲಿ ಸೀಲ್ ಆಗಿರುವುದನ್ನೇ ತನ್ನಿ, ದ್ರವವೂ ಸೆನ್ಸರ್‌ಗೆಂದೇ ಮಾಡಿದ್ದಾಗಿರಲಿ. ಮೆಡಿಕಲ್ ಶಾಪಿನ ಸ್ಪಿರಿಟ್‌ನಲ್ಲಿ ನೀರು ಇರುತ್ತದೆ, ಬೇರೆ ಬೇರೆ ಪದಾರ್ಥ ಸೇರಿರುತ್ತದೆ, ಆರಿದ ಮೇಲೆ ಪೊರೆ ಬಿಡುತ್ತದೆ. ಕನ್ನಡಕದ ಬಟ್ಟೆಯಲ್ಲಿ ನಿಮ್ಮ ಮೂಗಿನ ಜಿಡ್ಡಿರುತ್ತದೆ. ಕಿವಿಗೆ ಹಾಕುವ ಹತ್ತಿ ಕಡ್ಡಿಯಿಂದ ಎಳೆ ಬಿಚ್ಚಿಕೊಳ್ಳುತ್ತದೆ. ಕೆಲವು ಸೆನ್ಸರ್ ದ್ರವಗಳು ಮೆಥನಾಲ್, ಅದು ವಿಷ, ಬೆಂಕಿಯೂ ಹತ್ತುತ್ತದೆ. ಮಕ್ಕಳ ಕೈಗೆ ಸಿಗದಂತೆ ಇಡಿ, ದೇವರ ದೀಪದ ಪಕ್ಕ ಕೂತು ಈ ಕೆಲಸ ಮಾಡಬೇಡಿ.

ಸ್ವಾಬ್ ಹಾಕುವ ಮುಂಚೆ ಅದೇ ಮೆನುವಿನಿಂದ ಕನ್ನಡಿ ಎತ್ತಿ, ಮತ್ತೊಮ್ಮೆ ಬ್ಲೋವರ್. ಇದನ್ನು ಬಿಡಲೇಬಾರದು, ಅದರಲ್ಲೂ ನೀವು. ಚಿತ್ರದುರ್ಗದ ಬೆಟ್ಟ ಗ್ರಾನೈಟ್. ಗ್ರಾನೈಟ್ ಪುಡಿಯಲ್ಲಿ ಕ್ವಾರ್ಟ್ಜ್ ಇರುತ್ತದೆ, ಮೋಸ್ ಅಳತೆಯಲ್ಲಿ ಅದರ ಗಡಸುತನ 7, ಗಾಜಿನದು ಸುಮಾರು 5.5. ಅಂಥ ಒಂದು ಕಣವನ್ನು ಸ್ವಾಬಿನಡಿ ಸಿಕ್ಕಿಸಿ ಎಳೆದರೆ ಈ ತುದಿಯಿಂದ ಆ ತುದಿಗೆ ಗೀರು. ಧೂಳಿಗೆ ಮದ್ದಿದೆ, ಗೀರಿಗೆ ಆ ಫಿಲ್ಟರನ್ನೇ ಬದಲಾಯಿಸಬೇಕು.

ಸ್ವಾಬಿನ ಅಂಚಿಗೆ ಎರಡು ಹನಿ, ಹೆಚ್ಚೆಂದರೆ ಮೂರು. ಹೀರಿಕೊಳ್ಳಲು ಒಂದೈದು ಸೆಕೆಂಡು ಬಿಡಿ. ಸೆನ್ಸರ್‌ನ ಒಂದು ಬದಿಯ ಅಂಚಿಗೆ ಇಟ್ಟು, ಕಡ್ಡಿಯನ್ನು ಎಳೆಯುವ ದಿಕ್ಕಿಗೆ ಸ್ವಲ್ಪ ವಾಲಿಸಿ, ತುದಿ ಬಾಗಬೇಕು ಅಷ್ಟೇ, ಒತ್ತಡ ಬರೆಯುವ ಪೆನ್ನಿಗಿಂತ ಹಗುರವಾಗಿರಲಿ. ಎತ್ತದೆ, ನಿಲ್ಲಿಸದೆ, ಒಂದೇ ಸಲಕ್ಕೆ ಆ ಬದಿಗೆ ಎಳೆಯಿರಿ. ಸ್ವಾಬಿನ ಇನ್ನೊಂದು ಮುಖದಲ್ಲಿ ವಾಪಸ್. ಆಯಿತು, ಬಿಸಾಡಿ. ದುಡ್ಡು ಕೊಟ್ಟಿದ್ದೀನಲ್ಲ ಅಂತ ಅದೇ ಸ್ವಾಬಿನಲ್ಲಿ ಮತ್ತೊಂದು ಸಲ ಉಜ್ಜಿದರೆ ಮೊದಲ ಸಲ ಎತ್ತಿದ ಕಸವನ್ನೇ ಮತ್ತೆ ಹಚ್ಚಿದಂತೆ. ದ್ರವ ಕ್ಷಣದಲ್ಲಿ ಆರುತ್ತದೆ. ಪರೀಕ್ಷೆ ಫೋಟೋದಲ್ಲಿ ಗೆರೆಗಳು ಕಂಡರೆ ಹನಿ ಜಾಸ್ತಿಯಾಗಿದೆ ಅಂತ ಅರ್ಥ, ಹೊಸ ಸ್ವಾಬಿಗೆ ಕಮ್ಮಿ ಹಾಕಿ. ಅಂಚಿನಲ್ಲಿ ಕಸ ಹೋಗಿ ಕೂರುವುದು ಸಾಮಾನ್ಯ. ಎರಡು ಮೂರು ಸ್ವಾಬಿಗೂ ಹೋಗದಿದ್ದರೆ ಕೈ ಬಿಡಿ, ಅದು ನಿಮ್ಮ ಕೈಯಲ್ಲಿ ಹೋಗುವಂಥದ್ದಲ್ಲ. ಅಂಟು ತುದಿಯ ಜೆಲ್ ಕಡ್ಡಿಗಳೂ ಸಿಗುತ್ತವೆ, ಒಳ್ಳೆಯವು ಚೆನ್ನಾಗಿಯೇ ಕೆಲಸ ಮಾಡುತ್ತವೆ, ಆದರೆ ಅಗ್ಗದ ನಕಲಿಗಳು ಅಂಟನ್ನೇ ಬಿಟ್ಟು ಬರುತ್ತವೆ. ಹೊಸಬರಿಗೆ ನಾನು ಹೇಳುವುದಿಲ್ಲ.

ಮುಂದೆ ಮಿರರ್‌ಲೆಸ್ ಕೊಳ್ಳುವ ಯೋಚನೆ ಇದ್ದರೆ ಒಂದು ಮಾತು. ಅದರಲ್ಲಿ ಕನ್ನಡಿ ಇಲ್ಲ, ಲೆನ್ಸ್ ತೆಗೆದ ಕೂಡಲೇ ಸೆನ್ಸರ್ ಎದುರಿಗೇ. 2018ರ ಕ್ಯಾನನ್ ಇಒಎಸ್ ಆರ್ ಆಫ್ ಮಾಡಿದಾಗ ಶಟರ್ ಮುಚ್ಚಿಕೊಳ್ಳುವಂತೆ ಬಂತು, ಆಮೇಲೆ ಬೇರೆಯವರೂ ಕೆಲವು ಮಾಡೆಲ್‌ಗಳಿಗೆ ಅದನ್ನು ಹಾಕಿದರು. ಒಳ್ಳೆಯದೇ, ಆದರೆ ಮುಚ್ಚಿದ ಆ ಪರದೆ ಸೆನ್ಸರ್ ಗಾಜಿಗಿಂತ ನಾಜೂಕು. ಅದರ ಮೇಲೆ ಬ್ಲೋವರ್ ಬಿಡಬೇಡಿ, ಬೆರಳಂತೂ ಬೇಡವೇ ಬೇಡ. ಸೆನ್ಸರ್ ಅಲ್ಲಾಡುವ ಸ್ಟೆಬಿಲೈಸೇಷನ್ ಇರುವ ಕ್ಯಾಮೆರಾಗಳಲ್ಲಿ ಸ್ವಾಬನ್ನು ಇನ್ನೂ ಹಗುರವಾಗಿ ಎಳೆಯಬೇಕು, ಮೆನುವಿನ ಕ್ಲೀನಿಂಗ್ ಮೋಡಿನಲ್ಲಿಟ್ಟೇ ಮಾಡಬೇಕು.

ಧೂಳು ಎಲ್ಲಿಂದ ಬಂತು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಎಲ್ಲರೂ ಲೆನ್ಸ್ ಬದಲಾಯಿಸುವುದನ್ನೇ ಬೈಯುತ್ತಾರೆ. ನನ್ನನ್ನು ಕೇಳಿದರೆ ಲೆನ್ಸಿನ ಹಿಂದಿನ ಮುಚ್ಚಳ. ಅದನ್ನು ತೆಗೆದು ಪ್ಯಾಂಟಿನ ಜೇಬಿಗೆ ಹಾಕುತ್ತೀರಿ, ಜೇಬಿನ ನೂಲು ಪುಡಿ ಎಲ್ಲ ಅದರೊಳಗೆ ಸೇರುತ್ತದೆ, ಅಲ್ಲಿಂದ ಲೆನ್ಸಿನ ಹಿಂಭಾಗಕ್ಕೆ, ಅಲ್ಲಿಂದ ಕ್ಯಾಮೆರಾದೊಳಗೆ. ಎರಡು ಮುಚ್ಚಳಗಳನ್ನೂ ಬಾಡಿ ಕ್ಯಾಪನ್ನೂ ಇವತ್ತೇ ಸೋಪು ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ ಇಟ್ಟುಕೊಳ್ಳಿ. ಬ್ಯಾಗನ್ನು ತಲೆಕೆಳಗು ಮಾಡಿ ಕೊಡವಿ. ಮದುವೆಯಲ್ಲಿ ಅಕ್ಷತೆ ಹಾರುವಾಗ, ಹೋಮದ ಹೊಗೆ ಏಳುವಾಗ ಲೆನ್ಸ್ ಬಿಚ್ಚಬೇಡಿ, ಅರಿಶಿನ ಹಚ್ಚಿದ ಅಕ್ಷತೆಯ ಹುಡಿ ಮತ್ತು ಹೊಗೆಯ ಜಿಡ್ಡು ಸೇರಿದರೆ ಬ್ಲೋವರ್‌ಗೆ ಬಗ್ಗುವುದಿಲ್ಲ. ಸಾಧ್ಯವಾದರೆ ಶಾಸ್ತ್ರ ಶುರುವಾಗುವ ಮುಂಚೆಯೇ ಯಾವ ಲೆನ್ಸ್ ಅಂತ ತೀರ್ಮಾನ ಮಾಡಿಕೊಳ್ಳಿ. ಕರಾವಳಿಗೆ ಕಂಬಳ ತೆಗೆಯಲು ಹೋಗುವವರಿಗೂ ಇದೇ ಮಾತು, ಗದ್ದೆಯ ಕೆಸರುನೀರು ಎಲ್ಲಿವರೆಗೆ ಚಿಮ್ಮುತ್ತದೆ ಅಂತ ಹೋದವರಿಗೇ ಗೊತ್ತು. ಬದಲಾಯಿಸಲೇಬೇಕಾದರೆ ಕ್ಯಾಮೆರಾ ಆಫ್ ಮಾಡಿ, ಬಾಯಿ ಕೆಳಗೆ ಮಾಡಿ, ಗಾಳಿಗೆ ಬೆನ್ನು ಕೊಟ್ಟು ನಿಂತು, ಇನ್ನೊಂದು ಲೆನ್ಸಿನ ಮುಚ್ಚಳ ಮೊದಲೇ ಸಡಿಲಿಸಿಟ್ಟುಕೊಂಡು ಬೇಗ ಮುಗಿಸಿ.

ಸರ್ವಿಸ್‌ಗೆ ಕಳಿಸಬೇಕಾದ ಸಂದರ್ಭಗಳೂ ಇವೆ. ಗೀರು ಬಿದ್ದಿದ್ದರೆ, ಗಾಜಿನ ಕೆಳಗೆ ಕಸ ಸೇರಿದ್ದರೆ, ಸ್ವಚ್ಛ ಮಾಡಿದ ಮೇಲೂ ವಾರದೊಳಗೆ ಅದೇ ಮೂಲೆಯಲ್ಲಿ ಎಣ್ಣೆ ಹನಿಗಳು ಮತ್ತೆ ಮತ್ತೆ ಬರುತ್ತಿದ್ದರೆ ತಪ್ಪು ನಿಮ್ಮದಲ್ಲ, ಶಟರ್‌ನದು. 2012ರಲ್ಲಿ ಬಂದ ನಿಕಾನ್ ಡಿ600ರಲ್ಲಿ ಇದೇ ತರಹದ ಚುಕ್ಕೆಗಳ ಬಗ್ಗೆ ದೂರು ಎದ್ದು, ಕೊನೆಗೆ 2014ರಲ್ಲಿ ಕಂಪನಿ ವಾರಂಟಿ ಮುಗಿದ ಕ್ಯಾಮೆರಾಗಳಿಗೂ ಉಚಿತವಾಗಿ ಪರೀಕ್ಷೆ ಮಾಡಿ ಶಟರ್ ಬದಲಾಯಿಸಿಕೊಟ್ಟಿತು. ನಿಮ್ಮ ಕ್ಯಾಮೆರಾ ಇನ್ನೂ ವಾರಂಟಿಯಲ್ಲಿದ್ದರೆ ಸ್ವಾಬ್ ಹಾಕುವ ಮುಂಚೆ ಅವರಿಗೊಂದು ಫೋನ್ ಮಾಡಿ ಕೇಳಿ, ನೀವು ಮಾಡಿದ ಗೀರು ವಾರಂಟಿಗೆ ಬರುವುದಿಲ್ಲ. ಕೊಡುವಾಗ ಎಫ್/16ರ ಪರೀಕ್ಷೆ ಫೋಟೋ ಜೊತೆಗೆ ಕೊಡಿ. ವಾಪಸ್ ತಗೊಳ್ಳುವಾಗ ಕೌಂಟರ್ ಬಿಡುವ ಮುಂಚೆ ನಿಮ್ಮದೇ ಲೆನ್ಸ್ ಹಾಕಿ ಅಲ್ಲೇ ಬಿಳಿ ಗೋಡೆಗೆ ಹಿಡಿದು ಇನ್ನೊಂದು ತೆಗೆಯಿರಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ಆಮೇಲೆ ದುಡ್ಡು ಕೊಡಿ.